ವಿವರ್ತನ ದ್ಯುತಿಘಟಕ

ವಿವರ್ತನ ದ್ಯುತಿಘಟಕ ಎಂದರೆ ಬೆಳಕಿನ ವಿವರ್ತನೆಯನ್ನು ಬಳಸಿಕೊಂಡು ಬೆಳಕನ್ನು ಒಂದು ಬಿಂದುವಿನಲ್ಲಿ ಕೂಡಿಸುವ, ಹಲವು ಕವಲುಗಳಾಗಿ ಒಡೆಯುವ ಅಥವಾ ಗೊತ್ತುಪಡಿಸಿದ ಚಿತ್ರವಾಗಿ ಪರದೆಯ ಮೇಲೆ ಮೂಡಿಸುವ ತೆಳುವಾದ, ಚಪ್ಪಟೆಯಾದ ಸಾಧನ. ಸಾಮಾನ್ಯ ಗಾಜಿನ ಮಸೂರವು ತನ್ನ ಬಾಗಿದ ಮೇಲ್ಮೈಯಿಂದ ಬೆಳಕನ್ನು ವಕ್ರೀಭವನಗೊಳಿಸುತ್ತದೆ. ವಿವರ್ತನ ಘಟಕದಲ್ಲಿ ಈ ಕೆಲಸವನ್ನು ಮಾಡುವುದು ಮೇಲ್ಮೈಯಲ್ಲಿ ಕೊರೆದಿರುವ ಅತಿ ಸೂಕ್ಷ್ಮವಾದ ಗೆರೆಗಳು, ಉಂಗುರಗಳು ಅಥವಾ ಮೆಟ್ಟಿಲುಗಳು. ಇವುಗಳ ಆಳ ಸಾಮಾನ್ಯವಾಗಿ ಒಂದೆರಡು ಮೈಕ್ರೊಮೀಟರ್‌ಗಳನ್ನು ಮೀರುವುದಿಲ್ಲ. ಆದ್ದರಿಂದ ಇಂತಹ ಘಟಕವು ಬರಿಗಣ್ಣಿಗೆ ಬಹುಮಟ್ಟಿಗೆ ಸಪಾಟಾದ ಗಾಜಿನ ತುಂಡಿನಂತೆ ಅಥವಾ ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ.

ಲೇಸರ್ ದೀಪದಿಂದ ಗೋಡೆಯ ಮೇಲೆ ಮೂಡುವ ನಕ್ಷತ್ರ, ಬಾಣ ಅಥವಾ ಚುಕ್ಕೆಗಳ ಜಾಲ, ಮುಖವನ್ನು ಗುರುತಿಸುವ ಮೊಬೈಲ್ ಫೋನ್‌ಗಳು ಬೀರುವ ಅವಕೆಂಪು ಚುಕ್ಕೆಗಳು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಅಳವಡಿಸುವ ಕೆಲವು ಬಹುಸಂಗಮ ಮಸೂರಗಳು, ಕ್ಷ-ಕಿರಣ ಸೂಕ್ಷ್ಮದರ್ಶಕಗಳು ಇವೆಲ್ಲವೂ ಈ ಘಟಕಗಳನ್ನು ಅವಲಂಬಿಸಿವೆ.

ತತ್ವ

ಬೆಳಕು ಅಲೆಯಾಗಿರುವುದರಿಂದ, ಸಣ್ಣ ತಡೆಯ ಅಂಚನ್ನು ಅಥವಾ ಕಿರಿದಾದ ಸೀಳನ್ನು ದಾಟುವಾಗ ಅದು ನೇರ ದಾರಿಯನ್ನು ಬಿಟ್ಟು ಪಕ್ಕಕ್ಕೂ ಹರಡುತ್ತದೆ. ಇದೇ ವಿವರ್ತನೆ. ಹೀಗೆ ಹರಡಿದ ಅಲೆಗಳು ಒಂದು ಸ್ಥಳದಲ್ಲಿ ಸಂಧಿಸಿದಾಗ, ಉಬ್ಬಿಗೆ ಉಬ್ಬು ಸೇರಿದರೆ ಬೆಳಕು ಹೆಚ್ಚುತ್ತದೆ. ಉಬ್ಬಿಗೆ ತಗ್ಗು ಸೇರಿದರೆ ಕತ್ತಲಾಗುತ್ತದೆ. ಇದು ವ್ಯತಿಕರಣ. ಎಲ್ಲಿ ಉಬ್ಬು ಸೇರಬೇಕು, ಎಲ್ಲಿ ತಗ್ಗು ಸೇರಬೇಕು ಎಂಬುದನ್ನು ಮೊದಲೇ ಲೆಕ್ಕಹಾಕಿ, ಅದಕ್ಕೆ ತಕ್ಕಂತೆ ಗೆರೆಗಳನ್ನು ಕೊರೆದರೆ ಬೆಳಕನ್ನು ಬೇಕಾದ ಕಡೆಗೆ ಕಳುಹಿಸಬಹುದು.

ಇದರ ಅತ್ಯಂತ ಸರಳ ಉದಾಹರಣೆ ವಲಯ ಫಲಕ. ಒಂದೇ ಕೇಂದ್ರವುಳ್ಳ ಉಂಗುರಗಳನ್ನು ಒಂದು ಬಿಟ್ಟು ಒಂದರಂತೆ ಪಾರದರ್ಶಕವಾಗಿಯೂ ಅಪಾರದರ್ಶಕವಾಗಿಯೂ ಮಾಡಿದ ತಟ್ಟೆ ಇದು. ಪ್ರತಿಯೊಂದು ಉಂಗುರದ ಅಂಚಿನಿಂದ ಸಂಗಮಬಿಂದುವಿಗೆ ಇರುವ ದೂರವು ಹಿಂದಿನ ಅಂಚಿನಿಂದ ಇರುವ ದೂರಕ್ಕಿಂತ ಅರ್ಧ ತರಂಗದೂರದಷ್ಟು ಹೆಚ್ಚಾಗಿರುವಂತೆ ಅಳತೆಗಳನ್ನು ಆರಿಸಲಾಗುತ್ತದೆ. ಪಕ್ಕಪಕ್ಕದ ಉಂಗುರಗಳಿಂದ ಬರುವ ಬೆಳಕು ಹೀಗೆ ಪರಸ್ಪರ ವಿರುದ್ಧವಾಗಿರುವುದರಿಂದ, ಎರಡರಲ್ಲಿ ಒಂದನ್ನು ತಡೆದರೆ ಉಳಿದವು ಒಂದನ್ನೊಂದು ಬಲಪಡಿಸಿ ಸಂಗಮಬಿಂದುವಿನಲ್ಲಿ ಪ್ರಖರವಾದ ಚುಕ್ಕೆಯನ್ನು ಉಂಟುಮಾಡುತ್ತವೆ.

ಒಂದು ಉಂಗುರದ ತ್ರಿಜ್ಯವು ಸುಮಾರಾಗಿ ಉಂಗುರದ ಸಂಖ್ಯೆ, ತರಂಗದೂರ ಮತ್ತು ಸಂಗಮದೂರ ಈ ಮೂರರ ಗುಣಲಬ್ಧದ ವರ್ಗಮೂಲಕ್ಕೆ ಸಮ. ಉದಾಹರಣೆಗೆ, 633 ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕನ್ನು 100 ಮಿಲಿಮೀಟರ್ ದೂರದಲ್ಲಿ ಕೂಡಿಸಬೇಕಾದರೆ ಮೊದಲ ಉಂಗುರದ ತ್ರಿಜ್ಯ ಸುಮಾರು 0.25 ಮಿಲಿಮೀಟರ್, ನೂರನೆಯದರ ತ್ರಿಜ್ಯ ಸುಮಾರು 2.5 ಮಿಲಿಮೀಟರ್ ಆಗಿರಬೇಕು. ಕೇಂದ್ರದಿಂದ ದೂರ ಹೋದಂತೆ ಉಂಗುರಗಳು ಕಿರಿದಾಗುತ್ತವೆ. ನೂರನೆಯ ಉಂಗುರದ ಅಗಲ ಸುಮಾರು 13 ಮೈಕ್ರೊಮೀಟರ್ ಮಾತ್ರ. ಫಲಕವು ತೋರಬಲ್ಲ ಅತಿ ಸಣ್ಣ ವಿವರದ ಗಾತ್ರವು ಹೊರ ಅಂಚಿನ ಉಂಗುರದ ಅಗಲವನ್ನೇ ಹೋಲುತ್ತದೆ. ಹೀಗಾಗಿ ಚಿತ್ರದ ಸ್ಪಷ್ಟತೆಗೆ ತಯಾರಿಕೆಯ ಸೂಕ್ಷ್ಮತೆಯೇ ಮಿತಿ.

ಇತಿಹಾಸ

ವಿವರ್ತನೆಯನ್ನು ಮೊದಲು ವಿವರವಾಗಿ ದಾಖಲಿಸಿದವನು ಇಟಲಿಯ ಫ್ರಾನ್ಸೆಸ್ಕೊ ಗ್ರಿಮಾಲ್ಡಿ. ಅವನ ಗ್ರಂಥವು ಮರಣಾನಂತರ 1665ರಲ್ಲಿ ಪ್ರಕಟವಾಯಿತು. ಬೆಳಕು ಕಣಗಳ ಪ್ರವಾಹವೆಂಬ ನ್ಯೂಟನ್ನನ ಅಭಿಪ್ರಾಯವೇ ಬಹುಕಾಲ ಪ್ರಬಲವಾಗಿದ್ದುದರಿಂದ ಅಲೆ ಸಿದ್ಧಾಂತಕ್ಕೆ ಮನ್ನಣೆ ದೊರೆಯಲು ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. 1818ರಲ್ಲಿ ಆಗಸ್ಟಿನ್ ಫ್ರೆನೆಲ್ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸ್ಪರ್ಧೆಗೆ ಅಲೆ ಸಿದ್ಧಾಂತವನ್ನು ಆಧರಿಸಿದ ಪ್ರಬಂಧವನ್ನು ಸಲ್ಲಿಸಿದನು. ತೀರ್ಪುಗಾರರಲ್ಲಿ ಒಬ್ಬನಾದ ಪ್ವಾಸೋನ್, ಈ ಸಿದ್ಧಾಂತ ನಿಜವಾದರೆ ದುಂಡನೆಯ ತಟ್ಟೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಕಾಣಬೇಕಾಗುತ್ತದೆ ಎಂದು ಲೆಕ್ಕಹಾಕಿ ಅದನ್ನು ಅಸಂಬದ್ಧವೆಂದು ತೋರಿಸಲು ಯತ್ನಿಸಿದನು. ಅರಾಗೊ ಪ್ರಯೋಗ ಮಾಡಿ ನೋಡಿದಾಗ ಆ ಚುಕ್ಕೆ ನಿಜವಾಗಿಯೂ ಕಂಡಿತು. ನೆರಳಿನ ನಡುವೆ ಬೆಳಕನ್ನು ಮೂಡಿಸುವ ಈ ಗುಣವೇ ಮುಂದೆ ವಲಯ ಫಲಕಕ್ಕೆ ಆಧಾರವಾಯಿತು.

ವಲಯ ಫಲಕದ ಪ್ರಯೋಗವು ಲಾರ್ಡ್ ರ‍್ಯಾಲೆಯ 1871ರ ಟಿಪ್ಪಣಿಗಳಲ್ಲಿದೆ. ಅದರ ಬಗ್ಗೆ ಮೊದಲು ಪ್ರಕಟಿಸಿದವನು ಸ್ವಿಟ್ಜರ್ಲೆಂಡಿನ ಸೋರೆ, 1875ರಲ್ಲಿ. ಅಪಾರದರ್ಶಕ ಉಂಗುರಗಳಲ್ಲಿ ಬೆಳಕನ್ನು ತಡೆಯುವ ಬದಲು ಅದರ ಪ್ರಾವಸ್ಥೆಯನ್ನು ಅರ್ಧ ತರಂಗದೂರದಷ್ಟು ಹಿಂದಕ್ಕೆ ಸರಿಸಿದರೆ ಬೆಳಕು ವ್ಯರ್ಥವಾಗುವುದಿಲ್ಲ ಎಂಬುದನ್ನು ಅಮೆರಿಕದ ರಾಬರ್ಟ್ ವುಡ್ 1898ರಲ್ಲಿ ಮಾಡಿ ತೋರಿಸಿದನು.

ಡೆನಿಸ್ ಗ್ಯಾಬರ್ 1948ರಲ್ಲಿ ಹೊಲೊಗ್ರಫಿಯ ಕಲ್ಪನೆಯನ್ನು ಮಂಡಿಸಿದನು. ಇದಕ್ಕಾಗಿ ಅವನಿಗೆ 1971ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. 1960ರ ದಶಕದಲ್ಲಿ ಲೇಸರ್ ಬಂದ ಮೇಲೆ ಈ ಕ್ಷೇತ್ರ ವೇಗವಾಗಿ ಬೆಳೆಯಿತು. ಹೊಲೊಗ್ರಾಮ್ ತಯಾರಿಸಲು ನಿಜವಾದ ವಸ್ತುವೇ ಬೇಕಿಲ್ಲ, ಗಣಕದಲ್ಲಿ ಲೆಕ್ಕಹಾಕಿ ಚಿತ್ರಿಸಬಹುದು ಎಂಬುದನ್ನು ಬ್ರೌನ್ ಮತ್ತು ಲೋಮನ್ 1966ರಲ್ಲಿ ತೋರಿಸಿದರು. 1969ರಲ್ಲಿ ಐಬಿಎಂ ಸಂಸ್ಥೆಯ ಲೆಸೆಮ್, ಹಿರ್ಶ್ ಮತ್ತು ಜೋರ್ಡನ್ ಕೇವಲ ಪ್ರಾವಸ್ಥೆಯನ್ನು ಬದಲಿಸುವ ‘ಕೈನೊಫಾರ್ಮ್’ ಎಂಬ ಘಟಕವನ್ನು ರೂಪಿಸಿದರು. 1980ರ ದಶಕದಲ್ಲಿ ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ ಗಣಕ ಚಿಪ್‌ಗಳನ್ನು ತಯಾರಿಸುವ ವಿಧಾನವನ್ನೇ ಇವುಗಳಿಗೂ ಅನ್ವಯಿಸಲಾಯಿತು. ಅಲ್ಲಿಂದ ಮುಂದೆ ಇವು ಕಾರ್ಖಾನೆಯ ಸರಕಾದವು.

ಬಗೆಗಳು ಮತ್ತು ದಕ್ಷತೆ

ವಿವರ್ತನ ಘಟಕಕ್ಕೆ ಬಂದ ಬೆಳಕೆಲ್ಲವೂ ಬೇಕಾದ ಕಡೆಗೆ ಹೋಗುವುದಿಲ್ಲ. ಅದು ಹಲವು ಕವಲುಗಳಾಗಿ ಹಂಚಿಹೋಗುತ್ತದೆ. ಈ ಕವಲುಗಳನ್ನು ‘ಕ್ರಮ’ಗಳೆಂದು ಕರೆಯುತ್ತಾರೆ. ದಿಕ್ಕು ಬದಲಿಸದೆ ನೇರವಾಗಿ ಸಾಗುವುದು ಶೂನ್ಯ ಕ್ರಮ. ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದು ಮೊದಲ ಕ್ರಮ. ಬಂದ ಬೆಳಕಿನಲ್ಲಿ ಎಷ್ಟು ಪಾಲು ಬೇಕಾದ ಕ್ರಮಕ್ಕೆ ಸೇರುತ್ತದೆ ಎಂಬುದೇ ಘಟಕದ ದಕ್ಷತೆ. ಆದರ್ಶ ಸ್ಥಿತಿಯಲ್ಲಿ ಇದರ ಮೌಲ್ಯಗಳು ಹೀಗಿವೆ:

- ಬೆಳಕನ್ನು ತಡೆಯುವ ವಲಯ ಫಲಕ: ಸುಮಾರು 10%
- ಎರಡು ಮಟ್ಟಗಳ ಪ್ರಾವಸ್ಥಾ ಘಟಕ: ಸುಮಾರು 40.5%
- ನಾಲ್ಕು ಮಟ್ಟಗಳು: ಸುಮಾರು 81%
- ಎಂಟು ಮಟ್ಟಗಳು: ಸುಮಾರು 95%
- ಹದಿನಾರು ಮಟ್ಟಗಳು: ಸುಮಾರು 98.7%

ಮಟ್ಟಗಳು ಹೆಚ್ಚಿದಂತೆ ಮೆಟ್ಟಿಲುಗಳು ಗರಗಸದ ಹಲ್ಲಿನಂತಹ ನುಣುಪಾದ ಇಳಿಜಾರಿಗೆ ಹತ್ತಿರವಾಗುವುದೇ ದಕ್ಷತೆಯ ಏರಿಕೆಗೆ ಕಾರಣ. ಇಡೀ ಇಳಿಜಾರಿನ ಆಳವು ಬೆಳಕನ್ನು ಸರಿಯಾಗಿ ಒಂದು ತರಂಗದೂರದಷ್ಟು ತಡಮಾಡುವಂತಿರಬೇಕು. 633 ನ್ಯಾನೊಮೀಟರ್ ಬೆಳಕಿಗೆ ಸಿಲಿಕಾ ಗಾಜಿನಲ್ಲಿ ಈ ಆಳ ಸುಮಾರು 1.4 ಮೈಕ್ರೊಮೀಟರ್.

ಚಿತ್ರ ಪ್ರಕ್ಷೇಪಣ

ಸಾಮಾನ್ಯ ಪ್ರೊಜೆಕ್ಟರ್‌ನಲ್ಲಿ ಚಿತ್ರದ ಕಪ್ಪು ಭಾಗಗಳಿಗೆ ಸಲ್ಲಬೇಕಾದ ಬೆಳಕನ್ನು ತಡೆದು ವ್ಯರ್ಥಮಾಡಲಾಗುತ್ತದೆ. ಪ್ರಾವಸ್ಥೆಯನ್ನು ಮಾತ್ರ ಬದಲಿಸುವ ವಿವರ್ತನ ಘಟಕವು ಬೆಳಕನ್ನು ತಡೆಯುವುದಿಲ್ಲ. ಕಪ್ಪಾಗಬೇಕಾದ ಕಡೆಯಿಂದ ಬೆಳಗಬೇಕಾದ ಕಡೆಗೆ ತಿರುಗಿಸುತ್ತದೆ. ತೆಳುವಾದ ಗೆರೆಗಳ ಚಿತ್ರ, ಚುಕ್ಕೆಗಳ ಜಾಲ, ಬಾಣದ ಗುರುತು ಮುಂತಾಗಿ ಬಹುಭಾಗ ಕತ್ತಲಾಗಿರುವ ಚಿತ್ರಗಳಿಗೆ ಇದು ವಿಶೇಷವಾಗಿ ಅನುಕೂಲ.

ಘಟಕದಿಂದ ಸಾಕಷ್ಟು ದೂರದಲ್ಲಿ ಮೂಡುವ ವಿನ್ಯಾಸವು, ಘಟಕದಿಂದ ಹೊರಬರುವ ತರಂಗಮುಖದ ಫೂರಿಯೆ ಪರಿವರ್ತನೆಗೆ ಅನುಗುಣವಾಗಿರುತ್ತದೆ. ಇದರಿಂದ ಹಲವು ವಿಶಿಷ್ಟ ಪರಿಣಾಮಗಳು ಉಂಟಾಗುತ್ತವೆ.

- ಪರದೆಯನ್ನು ದೂರ ಸರಿಸಿದಂತೆ ಚಿತ್ರ ದೊಡ್ಡದಾಗುತ್ತದೆ. ಆದರೆ ಮತ್ತೆ ಸಂಗಮ ಹೊಂದಿಸಬೇಕಾಗಿಲ್ಲ.
- ಘಟಕವನ್ನು ಲೇಸರ್ ಕಿರಣದ ಅಡ್ಡಕ್ಕೆ ಸ್ವಲ್ಪ ಸರಿಸಿದರೂ ಚಿತ್ರ ಸ್ಥಳ ಬಿಟ್ಟು ಕದಲುವುದಿಲ್ಲ.
- ಘಟಕದ ಒಂದು ಭಾಗಕ್ಕೆ ಮಾತ್ರ ಬೆಳಕು ಬಿದ್ದರೂ ಇಡೀ ಚಿತ್ರ ಮೂಡುತ್ತದೆ. ಸ್ಪಷ್ಟತೆ ಮಾತ್ರ ಕುಗ್ಗುತ್ತದೆ.
- ಎರಡೇ ಮಟ್ಟಗಳಿರುವ ಘಟಕದಲ್ಲಿ ಚಿತ್ರದ ಜೊತೆಗೆ ಅದರ ತಲೆಕೆಳಗಾದ ಅವಳಿಯೂ ಕಾಣುತ್ತದೆ. ಇದನ್ನು ತಪ್ಪಿಸಲು ಹೆಚ್ಚು ಮಟ್ಟಗಳು ಬೇಕು.
- ಚಿತ್ರವು ಹರಡಬಲ್ಲ ಕೋನವನ್ನು ಘಟಕದ ಮೇಲಿನ ಅತಿ ಸಣ್ಣ ಚೌಕದ ಗಾತ್ರವು ನಿರ್ಧರಿಸುತ್ತದೆ. 532 ನ್ಯಾನೊಮೀಟರ್ ಹಸಿರು ಬೆಳಕಿಗೆ 1 ಮೈಕ್ರೊಮೀಟರ್ ಚೌಕಗಳಿದ್ದರೆ ಚಿತ್ರವು ಎರಡೂ ಬದಿ ಸೇರಿ ಸುಮಾರು 31 ಡಿಗ್ರಿಗಳಷ್ಟು ಹರಡಬಲ್ಲದು.

ಇದೇ ತತ್ವವನ್ನು ಸಾಮಾನ್ಯ ಸಿ.ಡಿ. ತಟ್ಟೆಯಲ್ಲಿಯೂ ಕಾಣಬಹುದು. ಅದರ ಸುರುಳಿ ಗೆರೆಗಳ ನಡುವಿನ ಅಂತರ 1.6 ಮೈಕ್ರೊಮೀಟರ್. ಅದರ ಮೇಲೆ ಲಂಬವಾಗಿ ಬಿದ್ದ 650 ನ್ಯಾನೊಮೀಟರ್ ಕೆಂಪು ಲೇಸರ್ ಬೆಳಕು, ನೇರವಾಗಿ ಹಿಂದಿರುಗುವ ಕಿರಣದ ಎರಡೂ ಬದಿಗೆ ಸುಮಾರು 24 ಡಿಗ್ರಿ ಕೋನದಲ್ಲಿ ಮೊದಲ ಕ್ರಮದ ಚುಕ್ಕೆಗಳನ್ನು ಉಂಟುಮಾಡುತ್ತದೆ.

ವಿವರ್ತನ ಪ್ರಕ್ಷೇಪಣಕ್ಕೆ ಮಿತಿಗಳೂ ಇವೆ. ಲೇಸರ್ ಬೆಳಕಿನ ಅಲೆಗಳು ಪರಸ್ಪರ ಹೊಂದಿಕೊಂಡಿರುವುದರಿಂದ ಚಿತ್ರದ ಮೇಲೆ ಮರಳು ಚೆಲ್ಲಿದಂತಹ ಚುಕ್ಕೆಗಳು ಕಾಣುತ್ತವೆ. ಶೂನ್ಯ ಕ್ರಮದ ಬೆಳಕು ಪೂರ್ತಿ ಅಳಿಯದಿದ್ದರೆ ಚಿತ್ರದ ಮಧ್ಯದಲ್ಲಿ ಕಣ್ಣು ಕುಕ್ಕುವ ಬಿಂದು ಉಳಿಯುತ್ತದೆ. ಒಂದು ಘಟಕವು ಒಂದೇ ಚಿತ್ರವನ್ನು ತೋರಬಲ್ಲದು. ಚಲಿಸುವ ಚಿತ್ರ ಬೇಕಾದರೆ ಪ್ರತಿ ಬಿಂದುವಿನ ಪ್ರಾವಸ್ಥೆಯನ್ನು ವಿದ್ಯುತ್ತಿನಿಂದ ಬದಲಿಸಬಲ್ಲ ದ್ರವಸ್ಫಟಿಕ ಫಲಕವನ್ನು ಬಳಸಬೇಕಾಗುತ್ತದೆ.

ವಿನ್ಯಾಸ

ಬೇಕಾದ ಚಿತ್ರದಿಂದ ಹಿಂದಕ್ಕೆ ಲೆಕ್ಕಹಾಕಿ ಘಟಕದ ರೂಪವನ್ನು ಕಂಡುಹಿಡಿಯುವುದು ಸುಲಭವಲ್ಲ. ಚಿತ್ರದ ಬೆಳಕಿನ ತೀವ್ರತೆ ತಿಳಿದಿರುತ್ತದೆ, ಪ್ರಾವಸ್ಥೆ ತಿಳಿದಿರುವುದಿಲ್ಲ. ಇದಕ್ಕೆ ಹೆಚ್ಚಾಗಿ ಬಳಸುವುದು ಗರ್ಚ್‌ಬರ್ಗ್ ಮತ್ತು ಸ್ಯಾಕ್ಸ್‌ಟನ್ 1972ರಲ್ಲಿ ಪ್ರಕಟಿಸಿದ ಕ್ರಮವಿಧಿ. ಇದನ್ನು ಮೂಲತಃ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಗಾಗಿ ರೂಪಿಸಲಾಗಿತ್ತು. ಅದರ ಹಂತಗಳು ಇವು:

1. ಘಟಕದ ಪ್ರತಿ ಬಿಂದುವಿಗೂ ಮನಬಂದ ಪ್ರಾವಸ್ಥೆಯನ್ನು ಕೊಟ್ಟು ಪರದೆಯ ಮೇಲೆ ಮೂಡುವ ಬೆಳಕನ್ನು ಲೆಕ್ಕಹಾಕುವುದು.
2. ಹಾಗೆ ಬಂದ ತೀವ್ರತೆಯನ್ನು ತೆಗೆದುಹಾಕಿ ಬೇಕಾದ ಚಿತ್ರದ ತೀವ್ರತೆಯನ್ನು ಇಡುವುದು. ಪ್ರಾವಸ್ಥೆಯನ್ನು ಹಾಗೆಯೇ ಉಳಿಸಿಕೊಳ್ಳುವುದು.
3. ಅಲ್ಲಿಂದ ಹಿಂದಕ್ಕೆ ಘಟಕದ ತಲಕ್ಕೆ ಲೆಕ್ಕಹಾಕುವುದು.
4. ಅಲ್ಲಿನ ತೀವ್ರತೆಯ ಬದಲಿಗೆ ಲೇಸರ್ ಕಿರಣದ ತೀವ್ರತೆಯನ್ನು ಇಟ್ಟು, ಹೊಸ ಪ್ರಾವಸ್ಥೆಯೊಂದಿಗೆ ಮೊದಲ ಹಂತಕ್ಕೆ ಮರಳುವುದು.

ಈ ಸುತ್ತನ್ನು ಹಲವು ಬಾರಿ ಆವರ್ತಿಸಿದಂತೆ ಫಲಿತಾಂಶವು ಬೇಕಾದ ಚಿತ್ರಕ್ಕೆ ಹತ್ತಿರವಾಗುತ್ತದೆ. ಒಂದು ಕಿರಣವನ್ನು ಸಮಾನ ತೀವ್ರತೆಯ ಹಲವು ಕಿರಣಗಳಾಗಿ ಒಡೆಯಲು 1971ರಲ್ಲಿ ಪ್ರಕಟವಾದ ಡಾಮನ್ ಗ್ರೇಟಿಂಗ್ ಎಂಬ ವಿನ್ಯಾಸವು ಬಳಕೆಯಲ್ಲಿದೆ.

ತಯಾರಿಕೆ

ಗಾಜಿನ ಮೇಲೆ ಬೆಳಕಿಗೆ ಸ್ಪಂದಿಸುವ ಲೇಪನವನ್ನು ಬಳಿದು, ಅಚ್ಚಿನ ಮೂಲಕ ಬೆಳಕು ಹಾಯಿಸಿ, ಅನಂತರ ಬೇಕಾದ ಭಾಗವನ್ನು ಕೊರೆಯುವ ಫೋಟೋಲಿಥೋಗ್ರಫಿ ವಿಧಾನವು ಸಾಮಾನ್ಯವಾದುದು. ಒಂದು ಅಚ್ಚಿನಿಂದ ಎರಡು ಮಟ್ಟಗಳು, ಎರಡರಿಂದ ನಾಲ್ಕು, ಮೂರರಿಂದ ಎಂಟು ಹೀಗೆ ಮಟ್ಟಗಳು ದ್ವಿಗುಣಗೊಳ್ಳುತ್ತವೆ. ಆದರೆ ಪ್ರತಿ ಹೊಸ ಅಚ್ಚನ್ನು ಹಿಂದಿನದರ ಮೇಲೆ ಕರಾರುವಾಕ್ಕಾಗಿ ಕೂರಿಸಬೇಕು. ಸ್ವಲ್ಪ ಸರಿದರೂ ದಕ್ಷತೆ ಕುಸಿಯುತ್ತದೆ. ಇನ್ನೂ ಸೂಕ್ಷ್ಮವಾದ ವಿನ್ಯಾಸಗಳನ್ನು ಇಲೆಕ್ಟ್ರಾನ್ ಕಿರಣದಿಂದ ಬರೆಯಲಾಗುತ್ತದೆ. ಉಂಗುರಾಕಾರದ ಘಟಕಗಳನ್ನು ವಜ್ರದ ಮೊನೆಯಿಂದ ಕಡೆಯುವುದೂ ಉಂಟು. ಒಮ್ಮೆ ತಯಾರಾದ ಮೂಲದಿಂದ ನಿಕ್ಕಲ್ ಅಚ್ಚನ್ನು ತೆಗೆದು ಪ್ಲಾಸ್ಟಿಕ್ಕಿನಲ್ಲಿ ಒತ್ತಿದರೆ ಸಾವಿರಾರು ಪ್ರತಿಗಳನ್ನು ಅಗ್ಗವಾಗಿ ಪಡೆಯಬಹುದು.

ವರ್ಣ ದೋಷ

ವಿವರ್ತನ ಮಸೂರದ ಸಂಗಮದೂರವು ತರಂಗದೂರಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಮೇಲೆ ಹೇಳಿದ ಫಲಕವು ಕೆಂಪು ಬೆಳಕನ್ನು 100 ಮಿಲಿಮೀಟರ್ ದೂರದಲ್ಲಿ ಕೂಡಿಸಿದರೆ, 450 ನ್ಯಾನೊಮೀಟರ್ ನೀಲಿ ಬೆಳಕನ್ನು ಸುಮಾರು 141 ಮಿಲಿಮೀಟರ್ ದೂರದಲ್ಲಿ ಕೂಡಿಸುತ್ತದೆ. ಹೀಗಾಗಿ ಬಿಳಿಯ ಬೆಳಕಿನಲ್ಲಿ ಇಂತಹ ಮಸೂರವೊಂದನ್ನೇ ಬಳಸಿದರೆ ಚಿತ್ರವು ಬಣ್ಣಬಣ್ಣವಾಗಿ ಕದಡಿಹೋಗುತ್ತದೆ. ಪ್ರಕ್ಷೇಪಣದಲ್ಲಿಯೂ ಒಂದೇ ಘಟಕದಿಂದ ಮೂಡುವ ಕೆಂಪು ಚಿತ್ರವು ನೀಲಿ ಚಿತ್ರಕ್ಕಿಂತ ದೊಡ್ಡದಾಗಿರುತ್ತದೆ.

ಗಾಜಿನ ಮಸೂರದಲ್ಲಿ ನೀಲಿ ಬೆಳಕು ಹತ್ತಿರದಲ್ಲಿಯೂ ಕೆಂಪು ಬೆಳಕು ದೂರದಲ್ಲಿಯೂ ಕೂಡುತ್ತದೆ. ವಿವರ್ತನ ಮಸೂರದಲ್ಲಿ ಇದು ತಿರುಗುಮುರುಗು. ಆದ್ದರಿಂದ ಎರಡನ್ನೂ ಜೊತೆಗೂಡಿಸಿದರೆ ಒಂದರ ದೋಷವನ್ನು ಇನ್ನೊಂದು ಸರಿದೂಗಿಸುತ್ತದೆ. ವರ್ಣವಿಭಜನೆಯನ್ನು ಅಳೆಯುವ ಅಬ್ಬೆ ಸಂಖ್ಯೆಯು ಸಾಮಾನ್ಯ ಕ್ರೌನ್ ಗಾಜಿಗೆ ಸುಮಾರು 64 ಇದ್ದರೆ, ವಿವರ್ತನ ಮಸೂರಕ್ಕೆ ಸುಮಾರು ಋಣ 3.45. ಈ ಸಂಖ್ಯೆ ಕಡಿಮೆಯಾದಷ್ಟೂ ವರ್ಣವಿಭಜನೆ ಹೆಚ್ಚು. ಆದ್ದರಿಂದ ದುರ್ಬಲವಾದ ಒಂದು ವಿವರ್ತನ ಪದರವೇ ದಪ್ಪನೆಯ ಗಾಜಿನ ದೋಷವನ್ನು ಸರಿಪಡಿಸಲು ಸಾಕು.

ಬಳಕೆಗಳು

ಛಾಯಾಗ್ರಹಣ: ಮೇಲಿನ ಗುಣವನ್ನು ಬಳಸಿ ಕ್ಯಾನನ್ ಸಂಸ್ಥೆಯು 400 ಮಿಲಿಮೀಟರ್ ಸಂಗಮದೂರದ ಮಸೂರವೊಂದನ್ನು 2001ರಲ್ಲಿಯೂ, ನಿಕಾನ್ ಸಂಸ್ಥೆಯು 300 ಮಿಲಿಮೀಟರ್ ಮಸೂರವೊಂದನ್ನು 2015ರಲ್ಲಿಯೂ ಮಾರುಕಟ್ಟೆಗೆ ತಂದವು. ಇವು ಅದೇ ಸಂಗಮದೂರದ ಸಾಮಾನ್ಯ ಮಸೂರಗಳಿಗಿಂತ ಗಿಡ್ಡವೂ ಹಗುರವೂ ಆಗಿವೆ. ಚೌಕಟ್ಟಿನಲ್ಲಿ ಪ್ರಖರ ದೀಪವಿದ್ದಾಗ ಅದರ ಸುತ್ತ ಉಂಗುರದಂತಹ ಪ್ರಭೆ ಕಾಣಿಸಿಕೊಳ್ಳುವುದು ಇವುಗಳ ಕೊರತೆ.

ಆಳದ ಅಳತೆ: ಗೊತ್ತಿರುವ ಚುಕ್ಕೆಗಳ ವಿನ್ಯಾಸವನ್ನು ವಸ್ತುವಿನ ಮೇಲೆ ಬೀರಿ, ಚುಕ್ಕೆಗಳು ಎಷ್ಟು ಸರಿದಿವೆ ಎಂಬುದನ್ನು ಕ್ಯಾಮೆರಾದಿಂದ ಅಳೆದರೆ ವಸ್ತುವಿನ ಆಕಾರ ತಿಳಿಯುತ್ತದೆ. 2010ರಲ್ಲಿ ಬಂದ ಮೈಕ್ರೊಸಾಫ್ಟ್ ಕೈನೆಕ್ಟ್ ಇದನ್ನು ಬಳಸಿತು. 2017ರ ಐಫೋನ್ ಟೆನ್ ಬಳಕೆದಾರರ ಮುಖದ ಮೇಲೆ 30,000ಕ್ಕೂ ಹೆಚ್ಚು ಅವಕೆಂಪು ಚುಕ್ಕೆಗಳನ್ನು ಬೀರುತ್ತದೆಂದು ಆಪಲ್ ತಿಳಿಸಿದೆ.

ಕಣ್ಣಿನ ಮಸೂರ: ಪೊರೆ ಬಂದ ಸಹಜ ಮಸೂರವನ್ನು ತೆಗೆದು ಅಳವಡಿಸುವ ಕೃತಕ ಮಸೂರಗಳಲ್ಲಿ ಕೆಲವಕ್ಕೆ ವಿವರ್ತನ ಉಂಗುರಗಳಿರುತ್ತವೆ. ಅರ್ಧ ತರಂಗದೂರದಷ್ಟು ತಡಮಾಡುವ ಉಂಗುರಗಳಿದ್ದರೆ ಬೆಳಕಿನ ಸುಮಾರು 40% ದೂರದ ನೋಟಕ್ಕೂ, ಸುಮಾರು 40% ಹತ್ತಿರದ ನೋಟಕ್ಕೂ ಸಲ್ಲುತ್ತದೆ. ಉಳಿದದ್ದು ಬೇರೆ ಕ್ರಮಗಳಲ್ಲಿ ಚದುರಿಹೋಗುತ್ತದೆ. ಇದರಿಂದ ಓದುವ ಕನ್ನಡಕದ ಅವಲಂಬನೆ ಕಡಿಮೆಯಾಗುತ್ತದೆ. ಆದರೆ ಅಕ್ಷಿಪಟಲದ ಮೇಲೆ ಸ್ಪಷ್ಟವಾದ ಚಿತ್ರದೊಡನೆ ಮಸುಕಾದ ಇನ್ನೊಂದು ಚಿತ್ರವೂ ಸದಾ ಬೀಳುವುದರಿಂದ ಮಂದ ಬೆಳಕಿನಲ್ಲಿ ನೋಟದ ತೀಕ್ಷ್ಣತೆ ತಗ್ಗಬಹುದು. ರಾತ್ರಿ ಎದುರು ವಾಹನದ ದೀಪಗಳ ಸುತ್ತ ಪ್ರಭಾವಲಯ ಕಾಣಬಹುದು. ಹೀಗಾಗಿ ರಾತ್ರಿ ವಾಹನ ಚಲಾಯಿಸುವವರಿಗೆ ಮತ್ತು ಅಕ್ಷಿಪಟಲದ ತೊಂದರೆಯಿರುವವರಿಗೆ ಮಸೂರವನ್ನು ಆರಿಸುವಾಗ ಈ ಅಂಶವು ಮುಖ್ಯವಾಗುತ್ತದೆ.

ಕ್ಷ-ಕಿರಣ ಸೂಕ್ಷ್ಮದರ್ಶಕ: ಗಾಜು ಕ್ಷ-ಕಿರಣಗಳನ್ನು ಬಾಗಿಸುವುದು ಅತ್ಯಲ್ಪ, ಮೃದು ಕ್ಷ-ಕಿರಣಗಳನ್ನಂತೂ ಹೀರಿಕೊಂಡುಬಿಡುತ್ತದೆ. ಇಲ್ಲಿ ವಲಯ ಫಲಕವೇ ಪ್ರಮುಖ ಮಸೂರ. ಅಮೆರಿಕದ ಬರ್ಕ್ಲಿಯ ಸಂಶೋಧಕರು 2005ರಲ್ಲಿ ಇಂತಹ ಫಲಕದಿಂದ 15 ನ್ಯಾನೊಮೀಟರ್‌ಗಿಂತ ಸೂಕ್ಷ್ಮವಾದ ವಿವರಗಳನ್ನು ಕಂಡುದಾಗಿ ವರದಿಮಾಡಿದರು.

ದೂರದರ್ಶಕ: ಮಡಿಸಬಹುದಾದ ಹಗುರ ಮಸೂರವನ್ನು ಬಾಹ್ಯಾಕಾಶಕ್ಕೆ ಒಯ್ಯುವ ಉದ್ದೇಶದಿಂದ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯವು ಗಾಜಿನ ಹಲವು ತುಂಡುಗಳನ್ನು ಜೋಡಿಸಿ 5 ಮೀಟರ್ ವ್ಯಾಸದ ವಿವರ್ತನ ಮಸೂರವನ್ನು ತಯಾರಿಸಿತ್ತು.

ಸುರಕ್ಷತೆ

ವಿವರ್ತನ ಘಟಕವು ಲೇಸರ್ ಕಿರಣವನ್ನು ಸಾವಿರಾರು ಕವಲುಗಳಾಗಿ ಹಂಚುವುದರಿಂದ ಪ್ರತಿಯೊಂದು ಕವಲೂ ಮೂಲ ಕಿರಣಕ್ಕಿಂತ ಬಹಳ ದುರ್ಬಲವಾಗಿರುತ್ತದೆ. ಆದರೆ ಘಟಕ ಒಡೆದರೆ, ಕಳಚಿದರೆ ಅಥವಾ ಅದರ ಮೇಲೆ ನೀರು ನಿಂತರೆ ಈ ರಕ್ಷಣೆ ಇಲ್ಲವಾಗುತ್ತದೆ. ಗಾಳಿಯ ಬದಲು ನೀರು ತುಂಬಿದ ಗೆರೆಗಳಲ್ಲಿ ಪ್ರಾವಸ್ಥೆಯ ವ್ಯತ್ಯಾಸವು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆಗ ಬೆಳಕಿನ ಬಹುಪಾಲು ಶೂನ್ಯ ಕ್ರಮದಲ್ಲಿ ನೇರವಾಗಿ ಹೊರಬರುತ್ತದೆ. ಅವಕೆಂಪು ಬೆಳಕು ಕಣ್ಣಿಗೆ ಕಾಣದ ಕಾರಣ ರೆಪ್ಪೆ ಮುಚ್ಚಿಕೊಳ್ಳುವ ಸಹಜ ರಕ್ಷಣೆಯೂ ಇರುವುದಿಲ್ಲ. ಆದ್ದರಿಂದ ಮುಖದ ಮೇಲೆ ಬೆಳಕು ಬೀರುವ ಸಾಧನಗಳಲ್ಲಿ ಘಟಕವು ಹಾನಿಗೊಂಡಿದ್ದರೆ ಲೇಸರ್ ತಾನಾಗಿಯೇ ಆರುವ ವ್ಯವಸ್ಥೆಯನ್ನು ಅಳವಡಿಸಲಾಗುತ್ತದೆ. ಚಿತ್ರ ಮೂಡಿಸುವ ಮುಚ್ಚಳವುಳ್ಳ ಅಗ್ಗದ ಲೇಸರ್ ದೀಪಗಳಲ್ಲಿ ಮುಚ್ಚಳವನ್ನು ಕಳಚಿದೊಡನೆ ಪೂರ್ಣ ಶಕ್ತಿಯ ಕಿರಣವೇ ಹೊರಬರುತ್ತದೆ. ಅದನ್ನು ನೇರವಾಗಿ ನೋಡುವುದು ಅಪಾಯಕರ.

ಬೆಂಗಳೂರಿನ ಸಂಶೋಧನೆಗಳು

ಈ ಕ್ಷೇತ್ರದ ಎರಡು ಮೂಲ ಸಿದ್ಧಾಂತಗಳು ಬೆಂಗಳೂರಿನಲ್ಲಿ ರೂಪುಗೊಂಡವು. ಶಬ್ದದ ಅಲೆಗಳು ಹಾಯುತ್ತಿರುವ ದ್ರವದಿಂದ ಬೆಳಕು ವಿವರ್ತನಗೊಳ್ಳುವ ಬಗೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ 1935-36ರಲ್ಲಿ ವಿವರಿಸಿದರು. ತರಂಗಮುಖದ ಪ್ರಾವಸ್ಥೆಯನ್ನಷ್ಟೇ ಏರಿಳಿಸುವ ತೆಳು ಪದರದಿಂದ ಹಲವು ಕ್ರಮಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಅವರು ತೋರಿಸಿಕೊಟ್ಟರು. ತೆಳು ಗ್ರೇಟಿಂಗ್‌ಗಳ ವಿವರ್ತನೆಯನ್ನು ಇಂದಿಗೂ ರಾಮನ್-ನಾಥ್ ವಿವರ್ತನೆ ಎಂದೇ ಕರೆಯುತ್ತಾರೆ.

ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ 1956ರಲ್ಲಿ, ಬೆಳಕಿನ ಧ್ರುವೀಕರಣ ಸ್ಥಿತಿಯು ಹಲವು ಹಂತಗಳಲ್ಲಿ ಬದಲಾಗಿ ಮತ್ತೆ ಮೊದಲಿನಂತಾದಾಗ ಅದಕ್ಕೆ ಹೆಚ್ಚುವರಿ ಪ್ರಾವಸ್ಥೆ ಸೇರುತ್ತದೆ ಎಂದು ಕಂಡುಹಿಡಿದರು. ಮೈಕೆಲ್ ಬೆರಿ 1984ರಲ್ಲಿ ಕ್ವಾಂಟಮ್ ಭೌತವಿಜ್ಞಾನದಲ್ಲಿ ಇಂತಹುದೇ ಪ್ರಾವಸ್ಥೆಯನ್ನು ವಿವರಿಸಿದ ಮೇಲೆ ಪಂಚರತ್ನಂ ಅವರ ಕೆಲಸದ ಮಹತ್ವ ವ್ಯಾಪಕವಾಗಿ ಅರಿವಿಗೆ ಬಂದಿತು. ಪಂಚರತ್ನಂ-ಬೆರಿ ಘಟಕಗಳಲ್ಲಿ ಮೇಲ್ಮೈಯನ್ನು ಕೊರೆಯಬೇಕಾಗಿಲ್ಲ. ದ್ರವಸ್ಫಟಿಕದ ಅಣುಗಳು ಮುಖಮಾಡಿರುವ ದಿಕ್ಕನ್ನು ಬಿಂದುವಿನಿಂದ ಬಿಂದುವಿಗೆ ಬದಲಿಸಿದರೆ ಸಾಕು. ಇಂತಹ ಮಸೂರವು ಬಲಸುತ್ತಿನ ಧ್ರುವೀಕೃತ ಬೆಳಕನ್ನು ಕೂಡಿಸಿದರೆ, ಎಡಸುತ್ತಿನ ಬೆಳಕನ್ನು ಚದುರಿಸುತ್ತದೆ.

ಅತಿಮೇಲ್ಮೈ ಮಸೂರಗಳು

ತರಂಗದೂರಕ್ಕಿಂತ ಕಿರಿದಾದ ಕಂಬಗಳನ್ನು ಸಾಲಾಗಿ ನಿಲ್ಲಿಸಿ ಬೆಳಕಿನ ಪ್ರಾವಸ್ಥೆಯನ್ನು ಬದಲಿಸುವ ಘಟಕಗಳಿಗೆ ಅತಿಮೇಲ್ಮೈಗಳೆಂದು ಹೆಸರು. ಹಾರ್ವರ್ಡ್ ವಿಶ್ವವಿದ್ಯಾಲಯದ ಫೆಡೆರಿಕೊ ಕಪಾಸೊ ಅವರ ತಂಡವು 2016ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಕಂಬಗಳಿಂದ ದೃಗ್ಗೋಚರ ಬೆಳಕಿಗೆ ಒಗ್ಗುವ ಚಪ್ಪಟೆ ಮಸೂರವನ್ನು ಪ್ರಕಟಿಸಿತು. ಬಿಳಿಯ ಬೆಳಕಿನಲ್ಲಿ, ವಿಶಾಲ ನೋಟಕೋನದಲ್ಲಿ, ದೊಡ್ಡ ವ್ಯಾಸದಲ್ಲಿ ಏಕಕಾಲಕ್ಕೆ ಉತ್ತಮ ಚಿತ್ರ ಪಡೆಯುವುದು ಇಂತಹ ಮಸೂರಗಳಿಗೂ ಕಠಿಣ ಸವಾಲಾಗಿದೆ.

ಫ್ರೆನೆಲ್ ಮಸೂರಕ್ಕೂ ಇದಕ್ಕೂ ಇರುವ ವ್ಯತ್ಯಾಸ

ದೀಪಸ್ತಂಭಗಳಲ್ಲಿ ಮತ್ತು ಓವರ್‌ಹೆಡ್ ಪ್ರೊಜೆಕ್ಟರ್‌ಗಳಲ್ಲಿ ಬಳಸುವ ಫ್ರೆನೆಲ್ ಮಸೂರವೂ ಉಂಗುರಗಳಿಂದ ಕೂಡಿದ ಚಪ್ಪಟೆ ತಟ್ಟೆಯೇ. ಆದರೆ ಅದರ ಉಂಗುರಗಳು ತರಂಗದೂರಕ್ಕಿಂತ ಬಹಳ ದೊಡ್ಡವು. ಪ್ರತಿಯೊಂದೂ ಪುಟ್ಟ ಪಟ್ಟಕದಂತೆ ಬೆಳಕನ್ನು ವಕ್ರೀಭವನಗೊಳಿಸುತ್ತದೆ. ಬೇರೆ ಬೇರೆ ಉಂಗುರಗಳಿಂದ ಬರುವ ಅಲೆಗಳು ಪರಸ್ಪರ ಹೊಂದಿಕೊಳ್ಳಬೇಕೆಂಬ ನಿಯಮ ಅದರಲ್ಲಿಲ್ಲ. ವಿವರ್ತನ ಮಸೂರದ ಕೆಲಸ ನಿಂತಿರುವುದೇ ಈ ಹೊಂದಾಣಿಕೆಯ ಮೇಲೆ. ಫ್ರೆನೆಲ್ ವಲಯ ಫಲಕ, ಫ್ರೆನೆಲ್ ಮಸೂರ ಎಂಬ ಎರಡು ಹೆಸರುಗಳೂ ಒಬ್ಬನೇ ವಿಜ್ಞಾನಿಯಿಂದ ಬಂದಿರುವುದರಿಂದ ಇವುಗಳನ್ನು ಒಂದೇ ಎಂದು ಭಾವಿಸುವುದು ಸಾಮಾನ್ಯ.

ಇವನ್ನೂ ನೋಡಿ

- ವಿವರ್ತನೆ
- ವ್ಯತಿಕರಣ
- ಹೊಲೊಗ್ರಫಿ
- ಲೇಸರ್
- ಸಿ. ವಿ. ರಾಮನ್